ಹಳೆಯ ನೆಲ: ಒಡೆಯಬೇಕಾ, ಮೇಲೇ ಹೊದಿಸಬೇಕಾ, ಪಾಲಿಶ್ ಮಾಡಿದರೆ ಸಾಕಾ?

ಮನೆಯ ನೆಲ ಹಳೆಯದಾಗಿದೆ. ಒಂದೆರಡು ಟೈಲ್ಸ್ ಬಿರುಕು ಬಿಟ್ಟಿವೆ, ಸಂದುಗಳು ಕಪ್ಪಾಗಿವೆ, ಬಣ್ಣ ನೋಡಿ ನೋಡಿ ಸಾಕಾಗಿದೆ. ಬದಲಾಯಿಸೋಣ ಅಂತ ನಾಲ್ಕು ಜನರನ್ನು ಕೇಳಿದರೆ ಐದು ಉತ್ತರ ಬರುತ್ತದೆ. ಮೇಸ್ತ್ರಿ ಪೂರ್ತಿ ಒಡೆಯೋಣ ಎನ್ನುತ್ತಾರೆ. ಟೈಲ್ಸ್ ಮಾರುವವರು ಒಡೆಯೋದೇಕೆ, ಮೇಲೇ ಅಂಟಿಸಿ ಎನ್ನುತ್ತಾರೆ. ವಿನೈಲ್ ಅನ್ನುವ ಪ್ಲಾಸ್ಟಿಕ್ ನೆಲಹಾಸು ಮಾರುವವರು ಎರಡು ದಿನದ ಕೆಲಸ, ಧೂಳೇ ಇಲ್ಲ ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ನೆಲದ ಕೆಳಗೆ ಏನಿದೆ ಅಂತ ಇವರಲ್ಲಿ ಯಾರೂ ಬಗ್ಗಿ ನೋಡಿಲ್ಲ, ಅಲ್ವಾ?

ಆದ್ದರಿಂದ ಬಣ್ಣ, ಡಿಸೈನ್ ಎಲ್ಲ ಕೊನೆಗೆ ಇಟ್ಟುಕೊಳ್ಳಿ. ಮೊದಲು ನೋಡಬೇಕಾದದ್ದು ಮೂರು: ಹಳೆಯ ನೆಲ ಗಟ್ಟಿಯಾಗಿ ಕೂತಿದೆಯಾ, ಕೆಳಗಿನಿಂದ ತೇವ ಏಳುತ್ತಿದೆಯಾ, ನೆಲ ಎಷ್ಟು ಮೇಲೆ ಬಂದರೆ ಮನೆ ತಡೆದುಕೊಳ್ಳುತ್ತದೆ. ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಉಳಿದವುಗಳಲ್ಲಿ ಯಾವುದು ಅನ್ನುವುದನ್ನು ನಿಮ್ಮ ಬಜೆಟ್, ಮನೆ ಖಾಲಿ ಮಾಡಲು ಆಗುತ್ತದೋ ಇಲ್ಲವೋ, ಮನೆಯಲ್ಲಿ ಯಾರ್ಯಾರು ಓಡಾಡುತ್ತಾರೆ ಅನ್ನುವುದು ಹೇಳುತ್ತದೆ.

ತಟ್ಟಿ ನೋಡಿ, ತೇವ ನೋಡಿ, ಅಳೆದು ನೋಡಿ

ಒಂದು ದಪ್ಪ ನಾಣ್ಯ ತೆಗೆದುಕೊಳ್ಳಿ. ಸ್ಕ್ರೂಡ್ರೈವರಿನ ಹಿಡಿಯೂ ಆಗುತ್ತದೆ. ನೆಲದ ಮೇಲೆ ಕೂತು ಒಂದೊಂದೇ ಟೈಲ್ ತಟ್ಟುತ್ತಾ ಹೋಗಿ, ನಡುವೆ ಒಂದು ಸಲ, ಮೂಲೆಗಳಲ್ಲಿ ಒಂದೊಂದು ಸಲ. ಗಟ್ಟಿಯಾಗಿ ಕೂತ ಟೈಲ್ 'ಟಕ್' ಅಂತ ಚುಟುಕಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ. ಕೆಳಗೆ ಗಾರೆ ಬಿಟ್ಟುಕೊಂಡಿದ್ದರೆ ಸದ್ದು ಟೊಳ್ಳಾಗಿ ಕೇಳುತ್ತದೆ, ಸ್ವಲ್ಪ ಗುಂಯ್ ಎನ್ನುತ್ತದೆ. ಮೊದಲ ಐದಾರು ಟೈಲ್‌ಗಳಲ್ಲಿ ವ್ಯತ್ಯಾಸ ಗೊತ್ತಾಗದಿದ್ದರೂ ಆಮೇಲೆ ಕಿವಿ ಪಳಗುತ್ತದೆ. ಟೊಳ್ಳು ಕೇಳಿಸಿದ ಕಡೆಯಲ್ಲೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಕೋಣೆ ಮುಗಿದ ಮೇಲೆ ಎದ್ದು ನಿಂತು ನೋಡಿದರೆ ನೆಲದ ಜಾತಕ ಕಾಣುತ್ತದೆ. ಗುರುತುಗಳು ಅಲ್ಲೊಂದು ಇಲ್ಲೊಂದು ಇದ್ದರೆ ಆ ಟೈಲ್ಸ್ ಮಾತ್ರ ಕಿತ್ತು ಗಾರೆ ತುಂಬಿದರೆ ಸಾಕು. ಕೋಣೆಯ ಕಾಲು ಭಾಗದಷ್ಟು ಗುರುತೇ ಬಿದ್ದಿದ್ದರೆ ಅದರ ಮೇಲೆ ಏನನ್ನಾದರೂ ಅಂಟಿಸುವ ಆಸೆ ಬಿಡಿ. ಅಂಟು ಎಷ್ಟೇ ದುಬಾರಿಯದಾಗಿರಲಿ, ಅದು ಹಿಡಿದುಕೊಳ್ಳುವುದು ಹಳೆಯ ಟೈಲನ್ನು. ಹಳೆಯ ಟೈಲೇ ಯಾವುದನ್ನೂ ಹಿಡಿದುಕೊಂಡಿಲ್ಲ ಅಂದರೆ ಏನು ಪ್ರಯೋಜನ?

ಇನ್ನು ತೇವ. ಇದು ಮುಖ್ಯವಾಗಿ ನೆಲಮಹಡಿಯ ಸಮಸ್ಯೆ. ಟೈಲ್ಸ್ ಸಂದಿನಲ್ಲಿ ಬಿಳಿ ಪುಡಿ ಕೂರುತ್ತಿದೆಯಾ, ಒರೆಸಿದರೂ ಕೆಲವು ವಾರಗಳಲ್ಲಿ ಮತ್ತೆ ಬರುತ್ತಿದೆಯಾ ನೋಡಿ. ಮಣ್ಣಿನಲ್ಲಿರುವ ನೀರು ಗಾರೆಯಲ್ಲಿನ ಲವಣವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ, ನೀರು ಆರಿಹೋಗುತ್ತದೆ, ಲವಣ ಉಳಿಯುತ್ತದೆ. ಗೋಡೆಯ ಬುಡದಲ್ಲಿ ಅಂಟಿಸಿರುವ ಟೈಲ್ ಪಟ್ಟಿಯ (ಸ್ಕರ್ಟಿಂಗ್) ಮೇಲೆ ಗೋಡೆಯ ಬಣ್ಣ ಗುಳ್ಳೆ ಎದ್ದು ಉದುರುತ್ತಿದ್ದರೆ ಅದೂ ಇದೇ ಸುದ್ದಿ ಹೇಳುತ್ತಿರಬಹುದು. ಬರಿ ಸಿಮೆಂಟು ನೆಲವಾದರೆ ಪರೀಕ್ಷೆ ಸುಲಭ. ಸುಮಾರು ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ, ಒಂದು ದಿನ ಬಿಟ್ಟು ತೆಗೆಯಿರಿ. ಒಳಗೆ ಹನಿ ಕಟ್ಟಿದ್ದರೆ ಅಥವಾ ಸಿಮೆಂಟು ಕಪ್ಪಗಾಗಿದ್ದರೆ ತೇವ ಇದೆ ಎಂದೇ ಅರ್ಥ. ಟೈಲ್ಸ್ ಮೇಲೆ ಈ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಟೈಲೇ ನೀರನ್ನು ತಡೆದಿರುತ್ತದೆ. ಮೂಲೆಯಲ್ಲಿ ಒಂದು ಟೈಲ್ ಕಿತ್ತು ಆ ಜಾಗದಲ್ಲಿ ಮಾಡಿ ನೋಡಬೇಕು.

ಎತ್ತರದ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ಟೈಲ್ ಮೇಲೆ ಟೈಲ್ ಹಾಕಿದರೆ ಟೈಲ್ 10 ಮಿ.ಮೀ, ಅಂಟು 4–5 ಮಿ.ಮೀ, ಒಟ್ಟು ಒಂದೂವರೆ ಸೆಂಟಿಮೀಟರ್ ನೆಲ ಏರುತ್ತದೆ. ಇಷ್ಟೇನಾ ಅನ್ನಿಸುತ್ತದೆ. ಈಗ ಬಾಗಿಲುಗಳನ್ನು ತೆರೆದು ನೋಡಿ. ಎಲ್ಲದರ ಕೆಳಗೂ ಅಷ್ಟು ಜಾಗ ಇದೆಯಾ? ಮರದ ಬಾಗಿಲಾದರೆ ಕೆಳಗೆ ಕತ್ತರಿಸಬಹುದು, ಕಬ್ಬಿಣದ್ದೋ ಅಲ್ಯೂಮಿನಿಯಂದೋ ಆದರೆ ಕತೆ ಬೇರೆ. ಬಾಲ್ಕನಿ ನೆಲ, ಸ್ನಾನದ ಮನೆಯ ಹೊಸ್ತಿಲು, ಅಡುಗೆ ಕಟ್ಟೆಯ ಕೆಳಗೆ ಸಿಕ್ಕಿಸಿರುವ ಡಿಶ್‌ವಾಶರ್, ಇವೆಲ್ಲ ಲೆಕ್ಕಕ್ಕೆ ಬರಬೇಕು. ಡಿಶ್‌ವಾಶರ್ ಮುಂದೆ ನೆಲ ಏರಿಸಿಬಿಟ್ಟರೆ ಅದು ಕೆಟ್ಟ ದಿನ ಹೊರಗೆಳೆಯಲು ಆಗುವುದಿಲ್ಲ.

ಎಲ್ಲಕ್ಕಿಂತ ಅಪಾಯ ಇರುವುದು ಮೆಟ್ಟಿಲಿನಲ್ಲಿ. ಮನೆಯೊಳಗೆ ಮೆಟ್ಟಿಲಿದ್ದರೆ ಕೆಳಗಿನ ನೆಲ ಏರಿದಾಗ ಮೊದಲ ಮೆಟ್ಟಿಲು ಅಷ್ಟು ಗಿಡ್ಡವಾಗುತ್ತದೆ, ಮೇಲಿನ ಮಹಡಿಯ ನೆಲ ಏರಿದಾಗ ಕೊನೆಯ ಮೆಟ್ಟಿಲು ಅಷ್ಟು ಎತ್ತರವಾಗುತ್ತದೆ. ಕಾಲು ಮೆಟ್ಟಿಲನ್ನು ನೋಡಿ ಹತ್ತುವುದಿಲ್ಲ, ಮೊದಲ ಎರಡು ಹೆಜ್ಜೆಯ ಅಳತೆ ಹಿಡಿದುಕೊಂಡು ಹತ್ತುತ್ತದೆ. ಕೊನೆಯದು ಒಂದೂವರೆ ಸೆಂಟಿಮೀಟರ್ ಜಾಸ್ತಿ ಇದ್ದರೆ ಬೆರಳು ತಾಗಿ ಮುಗ್ಗರಿಸುವುದು ಖಂಡಿತ. ಅಮೆರಿಕದ ಮನೆ ಕಟ್ಟಡ ಸಂಹಿತೆಯಲ್ಲಿ ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 9.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅಂತಲೇ ಇದೆ. ವಯಸ್ಸಾದವರಿರುವ ಮನೆಯಲ್ಲಿ ಈ ಒಂದು ಕಾರಣಕ್ಕೇ ನಾನು ಟೈಲ್ ಮೇಲೆ ಟೈಲ್ ಬೇಡ ಎನ್ನುತ್ತೇನೆ, ಮೆಟ್ಟಿಲುಗಳಿಗೂ ಅಷ್ಟೇ ದಪ್ಪದ ಹೊದಿಕೆ ಹಾಕಿಸುವುದಾದರೆ ಮಾತ್ರ ಸರಿ.

ಪಾಲಿಶ್: ಯಾರೂ ಮೊದಲು ಹೇಳದ ಆಯ್ಕೆ

ನೆಲ ಮೊಸಾಯಿಕ್, ಮಾರ್ಬಲ್, ಇಲ್ಲವೇ ಬೇರೆ ಕಲ್ಲಿನದಾಗಿದ್ದರೆ ಬದಲಿಸುವ ಮಾತಿಗೆ ಮೊದಲು ಪಾಲಿಶ್ ಮಾಡಿಸಿದರೆ ಹೇಗೆ ಕಾಣುತ್ತದೆ ಅಂತ ಒಂದು ಮೂಲೆಯಲ್ಲಿ ಮಾಡಿಸಿ ನೋಡಿ. ಬಣ್ಣ ಮಾಸಿದ ಹಾಗೆ ಕಾಣುವುದು ಮೇಲಿನ ಕೂದಲೆಳೆಯಷ್ಟು ಪದರ ಮಾತ್ರ. ವಜ್ರದ ಪುಡಿ ಕೂರಿಸಿದ ಒರಟು ಪ್ಯಾಡಿನಿಂದ ಶುರು ಮಾಡಿ, ನಂಬರು ಏರಿಸುತ್ತಾ ನಯ ಪ್ಯಾಡಿಗೆ ಬಂದು ಉಜ್ಜಿದರೆ ಒಳಗಿನ ಹೊಸ ಕಲ್ಲು ಮೇಲೆ ಬರುತ್ತದೆ. ನೆಲದ ಎತ್ತರ ಬದಲಾಗುವುದಿಲ್ಲ, ಭಾರ ಏರುವುದಿಲ್ಲ, ಬಾಗಿಲು ಕತ್ತರಿಸಬೇಕಿಲ್ಲ. ಮೇಲೆ ಹೇಳಿದ ತಲೆನೋವುಗಳಲ್ಲಿ ಮುಕ್ಕಾಲು ಇಲ್ಲಿ ಇಲ್ಲವೇ ಇಲ್ಲ. ಖರ್ಚಿನಲ್ಲೂ ಇದು ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ.

ತೊಂದರೆ ಏನೆಂದರೆ ನೀರು ಹಾಕಿ ಉಜ್ಜುವಾಗ ಏಳುವ ರಾಡಿ. ಗೋಡೆಗೆ ಒಂದಡಿ ಎತ್ತರದವರೆಗೆ ಹಾರುತ್ತದೆ, ಹಾಗಾಗಿ ಪೇಂಟಿಂಗ್‌ಗಿಂತ ಮೊದಲೇ ಇದು ಮುಗಿಯಬೇಕು. ಆ ರಾಡಿಯನ್ನು ಸಿಂಕಿಗೋ ಸ್ನಾನದ ಮನೆಯ ಕಿಂಡಿಗೋ ಸುರಿಯಲು ಬಿಡಬೇಡಿ, ಪೈಪಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬಿರುಕು ಇದ್ದರೆ ತುಂಬಿಸಿದ ಗುರುತು ಉಳಿದೇ ಉಳಿಯುತ್ತದೆ. ಮಾರ್ಬಲ್ ಮೇಲೆ ಹುಳಿ ಏನಾದರೂ ಚೆಲ್ಲಿದರೆ ಹೊಳಪು ಮತ್ತೆ ಹೋಗುತ್ತದೆ, ಅದರ ಗುಣವೇ ಅಂಥದ್ದು. ಇನ್ನು, ಮೇಲ್ಮೈಯಲ್ಲಿ ಬರಿ ಹೊಳಪಿನ ಪದರ ಇರುವ ಸೆರಾಮಿಕ್ ಟೈಲ್ಸ್‌ಗೆ ಪಾಲಿಶ್ ಅನ್ನುವುದೇ ಇಲ್ಲ. ಉಜ್ಜಿದರೆ ಡಿಸೈನೇ ಹೋಗುತ್ತದೆ. ಅಂಥ ನೆಲದಲ್ಲಿ ಟೈಲ್ಸ್ ಚೆನ್ನಾಗಿದ್ದು ಸಂದು ಮಾತ್ರ ಕೆಟ್ಟಿದ್ದರೆ, ಸಂದು ತುಂಬಿರುವ ಹಳೆಯ ಗ್ರೌಟ್ ಕೆರೆದು ಹೊಸದು ತುಂಬಿಸಿ ನೋಡಿ. ಒಂದೆರಡು ದಿನದ ಕೆಲಸ. ನೆಲ ಬದಲಿಸಬೇಕು ಅನ್ನುವ ಎಷ್ಟೋ ಮನೆಗಳಲ್ಲಿ ನಿಜವಾಗಿ ಗಲೀಜಾಗಿ ಕಾಣುತ್ತಿರುವುದು ಸಂದುಗಳೇ.

ಟೈಲ್ ಮೇಲೆ ಟೈಲ್

ಈಗ ಎಲ್ಲರೂ ಕೇಳುವುದು ಇದನ್ನೇ. ಒಡೆಯುವ ಗಲಾಟೆ ಇಲ್ಲ, ಕಸ ಸಾಗಿಸುವುದಿಲ್ಲ, ಕೋಣೆಯಿಂದ ಕೋಣೆಗೆ ಸಾಮಾನು ಸರಿಸಿಕೊಂಡು ಮನೆಯಲ್ಲೇ ಇರಬಹುದು. ಹಳೆಯ ನೆಲ ಗಟ್ಟಿ ಇದ್ದು, ಲೆವೆಲ್ ಸರಿ ಇದ್ದು, ಎತ್ತರಕ್ಕೆ ಜಾಗ ಇದ್ದರೆ ಇದು ಒಳ್ಳೆಯ ಆಯ್ಕೆಯೇ. ಕೆಡುವುದು ಅಂಟಿನಲ್ಲಿ ಮಾಡುವ ಜಿಪುಣತನದಿಂದ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಿಮೆಂಟು ಹಿಡಿಯುವುದು ಸಣ್ಣ ಸಣ್ಣ ರಂಧ್ರಗಳ ಒಳಗೆ ಇಳಿದು ಗಟ್ಟಿಯಾಗುವುದರಿಂದ. ಹಳೆಯ ಕಾಲದ ಸೆರಾಮಿಕ್ ಟೈಲ್ಸ್ ಹಿಂಭಾಗ ನೀರು ಹೀರುತ್ತಿತ್ತು, ಸಿಮೆಂಟು ಹಾಲು ಸಾಕಾಗುತ್ತಿತ್ತು. ವಿಟ್ರಿಫೈಡ್ ಟೈಲ್ ತನ್ನ ತೂಕದ 0.5 ಶೇಕಡಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಅಂದರೆ ರಂಧ್ರಗಳೇ ಇಲ್ಲದ ಗಾಜಿನಂಥ ವಸ್ತು. ಈಗ ಕೆಳಗೂ ಹೊಳಪಿನ ಟೈಲ್, ಮೇಲೂ ವಿಟ್ರಿಫೈಡ್, ನಡುವೆ ಬರಿ ಸಿಮೆಂಟು ಹಾಕಿದರೆ ಅದು ಎರಡನ್ನೂ ಹಿಡಿಯುವುದಿಲ್ಲ. ಮೊದಲ ವರ್ಷ ಚೆನ್ನಾಗಿಯೇ ಇರಬಹುದು, ಆಮೇಲೆ ಬಿಸಿಗೋ ಚಳಿಗೋ ಒಂದು ಸಾಲು ಎದ್ದು ನಿಲ್ಲುತ್ತದೆ. ಅದಕ್ಕೇ ಪಾಲಿಮರ್ ಸೇರಿಸಿದ ಟೈಲ್ ಅಡ್ಹೆಸಿವ್ ಬೇಕು. ಚೀಲದ ಮೇಲೆ ಯುರೋಪಿನ ಇಎನ್ 12004 ಮಾನದಂಡದ ಪ್ರಕಾರ ಸಿ1, ಸಿ2 ಅಂತ ಬರೆದಿರುತ್ತಾರೆ. ಸಿ1 ಅಂದರೆ ಸಾಮಾನ್ಯ ಹಿಡಿತ, ಸಿ2 ಅಂದರೆ ಹೆಚ್ಚಿನ ಹಿಡಿತ. ಟೈಲ್ ಮೇಲೆ ಟೈಲ್‌ಗೆ ಸಿ2 ಬೇಕೇ ಬೇಕು. ಪಕ್ಕದಲ್ಲಿ ಎಸ್1 ಅಂತಲೂ ಇದ್ದರೆ ಸ್ವಲ್ಪ ಬಾಗುವ ಗುಣ ಇದೆ ಎಂದು ಅರ್ಥ, ದೊಡ್ಡ ಟೈಲ್‌ಗೆ ಅದು ಒಳ್ಳೆಯದು. ಎರಡು ಚೀಲ ಅಡ್ಹೆಸಿವ್‌ಗೆ ಒಂದು ಚೀಲ ಸಿಮೆಂಟು ಬೆರೆಸುತ್ತೇನೆ, ಏನೂ ಆಗಲ್ಲ ಎನ್ನುವ ಮೇಸ್ತ್ರಿ ಸಿಕ್ಕರೆ ನಮಸ್ಕಾರ ಹೇಳಿ ಕಳಿಸಿ.

ಹಳೆಯ ಟೈಲಿನ ಮೇಲಿನ ಎಣ್ಣೆ, ಮೇಣ, ಸೋಪಿನ ಪದರ ಪೂರ್ತಿ ಹೋಗಬೇಕು. ಆಮೇಲೆ ಹೊಳಪನ್ನು ಗ್ರೈಂಡರಿನಿಂದ ಗೀಚಬೇಕು, ಇಲ್ಲವೇ ಮರಳಿನ ಕಣ ಇರುವ ಪ್ರೈಮರ್ ಬಳಿಯಬೇಕು. ಟೈಲಿನ ನಾಲ್ಕು ಮೂಲೆಗೆ ಒಂದೊಂದು ಉಂಡೆ ಅಂಟು ಇಟ್ಟು ಒತ್ತುವುದು ನಡೆಯುವುದಿಲ್ಲ. ಹಲ್ಲಿರುವ ಕರಣೆಯಿಂದ ನೆಲಕ್ಕೆ ಪೂರ್ತಿ ಎಳೆದು, ದೊಡ್ಡ ಟೈಲಾದರೆ ಅದರ ಹಿಂಭಾಗಕ್ಕೂ ಒಂದು ತೆಳು ಪದರ ಸವರಬೇಕು. ಕೆಲಸ ನಡೆಯುವಾಗ ಆಗತಾನೇ ಕೂರಿಸಿದ ಒಂದು ಟೈಲನ್ನು ಎತ್ತಿ ತೋರಿಸಿ ಅಂತ ಕೇಳಿ. ಹಿಂಭಾಗದಲ್ಲಿ ಅಂಟು ಎಲ್ಲ ಕಡೆ ಹರಡಿದ್ದರೆ ಸರಿ. ಕರಣೆಯ ಗೆರೆಗಳು ಹಾಗೇ ನಿಂತಿದ್ದರೆ, ಮೂಲೆಗಳು ಖಾಲಿ ಇದ್ದರೆ, ಅಲ್ಲೇ ನಿಲ್ಲಿಸಿ ಮಾತಾಡಿ.

ಗೋಡೆಯ ಬದಿಯಲ್ಲಿ 5–8 ಮಿ.ಮೀ ಸಂದು ಖಾಲಿ ಬಿಡಿಸಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಗೋಡೆಗೆ ಬಿಗಿಯಾಗಿ ತಾಗಿಸಿದರೆ ಟೈಲ್ಸ್ ಹಿಗ್ಗಿದಾಗ ಹೋಗಲು ಜಾಗ ಇರುವುದಿಲ್ಲ, ನಡುವಿನಲ್ಲಿ ಡೇರೆಯ ಹಾಗೆ ಎದ್ದುಬಿಡುತ್ತವೆ.

ಭಾರದ ಬಗ್ಗೆ ಎಲ್ಲರಿಗೂ ಹೆದರಿಕೆ ಇರುತ್ತದೆ. 10 ಮಿ.ಮೀ ವಿಟ್ರಿಫೈಡ್ ಟೈಲ್ ಚದರ ಮೀಟರಿಗೆ 23 ಕೆ.ಜಿ.ಯಷ್ಟು, ಅಂಟು ಸೇರಿ 30 ಕೆ.ಜಿ ಅಂದುಕೊಳ್ಳಿ. ಮನೆಯ ನೆಲವನ್ನು ಜನ, ಸಾಮಾನಿನ ಭಾರಕ್ಕೆ ಅಂತ ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕೆ.ಜಿ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಗಟ್ಟಿಯಾದ ಕಾಂಕ್ರೀಟ್ ಮನೆಗೆ ಒಂದು ಪದರ ಹೆಚ್ಚಾದರೆ ಪರವಾಗಿಲ್ಲ. ಆದರೆ ಈಗಾಗಲೇ ಒಮ್ಮೆ ಹೀಗೆ ಹೊದಿಸಿದ ನೆಲಕ್ಕೆ ಮೂರನೇ ಪದರ ಬೇಡವೇ ಬೇಡ. ಮರದ ತೊಲೆಯ ಮಹಡಿ, ಕಂಬಿ ತುಕ್ಕು ಹಿಡಿದು ಸೂರು ಉದುರುತ್ತಿರುವ ಕಟ್ಟಡ ಆಗಿದ್ದರೆ ಇಂಜಿನಿಯರಿಗೆ ತೋರಿಸದೆ ಮುಂದುವರಿಯಬೇಡಿ.

ಒಡೆದು ಹೊಸದಾಗಿ

ಟೊಳ್ಳು ಜಾಸ್ತಿ ಇದ್ದರೆ, ನೆಲ ಕುಸಿದಿದ್ದರೆ, ಕೆಳಗೆ ಓಡುವ ಪೈಪು ಸೋರುತ್ತಿದ್ದರೆ, ತೇವ ತಡೆಯುವ ಪದರ ಹಾಕಬೇಕಿದ್ದರೆ ಬೇರೆ ದಾರಿ ಇಲ್ಲ. ಎತ್ತರ ಮೊದಲಿನಷ್ಟೇ ಇರುತ್ತದೆ, ಇಳಿಜಾರು ಸರಿ ಮಾಡಬಹುದು, ವೈರು ಪೈಪು ಎಲ್ಲ ಹೊಸದಾಗಿ ಎಳೆಯಬಹುದು. ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಇರುವವರಿಗೆ ಕೊನೆಗೆ ಇದೇ ಅಗ್ಗ ಬೀಳಬಹುದು.

ಆದರೆ ಗಲಾಟೆ ಎಷ್ಟು ಅಂತ ಮೊದಲೇ ಗೊತ್ತಿರಲಿ. ಹಳೆಯ ಟೈಲ್, ಅದರ ಕೆಳಗಿನ ನಾಲ್ಕು ಸೆಂಟಿಮೀಟರ್ ಗಾರೆ ಸೇರಿ ಚದರ ಮೀಟರಿಗೆ ನೂರು ಕೆ.ಜಿ ಹತ್ತಿರ ಬರುತ್ತದೆ. 10 ಅಡಿಗೆ 10 ಅಡಿಯ ಒಂದು ಸಣ್ಣ ಕೋಣೆಯಿಂದ ಹೆಚ್ಚುಕಡಿಮೆ ಒಂದು ಟನ್ ಕಸ! ಅದನ್ನು ಚೀಲಕ್ಕೆ ತುಂಬಿ, ಇಳಿಸಿ, ಗಾಡಿಗೆ ಹಾಕಿ, ಸುರಿಯಲು ಅನುಮತಿ ಇರುವ ಕಡೆ ಸುರಿಯಬೇಕು. ಕೊಟೇಶನ್‌ನಲ್ಲಿ ಇದು ಸೇರಿದೆಯಾ ಅಂತ ಕೇಳಿ, ಎಷ್ಟೋ ಸಲ ಸೇರಿರುವುದಿಲ್ಲ. ಧೂಳು ಬರಿ ಕಿರಿಕಿರಿಯ ವಿಷಯ ಅಂದುಕೊಳ್ಳಬೇಡಿ. ಟೈಲ್, ಕಾಂಕ್ರೀಟ್ ಒಡೆಯುವಾಗ, ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರಬಹುದು. ನೀರು ಹಾಕಿ ಕತ್ತರಿಸಲಿ, ಕೆಲಸದವರು ಎನ್95 ಮಾಸ್ಕ್ ಹಾಕಿಕೊಳ್ಳಲಿ, ಮಕ್ಕಳನ್ನು, ಉಸಿರಾಟದ ತೊಂದರೆ ಇರುವವರನ್ನು ಆ ವಾರ ಬೇರೆ ಕಡೆ ಇರಿಸಿ. ಹಳೆಯ ಕಟ್ಟಡದಲ್ಲಿ 9 ಇಂಚು ಚೌಕದ ವಿನೈಲ್ ಟೈಲ್ಸ್, ಕೆಳಗೆ ಕಪ್ಪು ಅಂಟು ಕಂಡರೆ ಒಡೆಯಲೂ ಬೇಡಿ, ಉಜ್ಜಲೂ ಬೇಡಿ. 1980ರ ದಶಕದವರೆಗೆ ಅಂಥ ಟೈಲ್ಸ್‌ನಲ್ಲಿ ಉಸಿರಾಡಿದರೆ ಕ್ಯಾನ್ಸರ್ ತರಬಲ್ಲ ಆಸ್ಬೆಸ್ಟಾಸ್ ನಾರು ಬಳಸುತ್ತಿದ್ದರು. ಪರೀಕ್ಷೆ ಮಾಡಿಸಿದ ಮೇಲೆ ಮುಂದಿನ ಮಾತು.

ಎಸ್‌ಪಿಸಿ ಮತ್ತು ವಿನೈಲ್

ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಒತ್ತಿದ ಹಲಗೆಗೆ ಎಸ್‌ಪಿಸಿ ಎನ್ನುತ್ತಾರೆ. ದಪ್ಪ 4ರಿಂದ 6 ಮಿ.ಮೀ. ಒಂದರ ಅಂಚಿಗೆ ಇನ್ನೊಂದನ್ನು ಸಿಕ್ಕಿಸುತ್ತಾ ಹೋಗುವುದು, ನೆಲಕ್ಕೆ ಅಂಟಿಸುವುದಿಲ್ಲ. ಬಾಡಿಗೆ ಮನೆಯವರಿಗೆ, ತುರ್ತಿರುವವರಿಗೆ, ಮೇಲಿನ ಮಹಡಿಯಲ್ಲಿದ್ದು ಕೆಳಗಿನ ಮನೆಯವರಿಂದ ಸದ್ದಿನ ದೂರು ಕೇಳುತ್ತಿರುವವರಿಗೆ ಇದು ಮೊದಲ ಆಯ್ಕೆ. ಕೆಳಗೆ ಫೋಮ್ ಪದರ ಇರುವುದರಿಂದ ಹೆಜ್ಜೆ ಸದ್ದು ಕಡಿಮೆ, ಬರಿಗಾಲಿಗೆ ಟೈಲಿನಷ್ಟು ತಣ್ಣಗೂ ಇರುವುದಿಲ್ಲ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಆದರೆ ನೆಲ ಸಮತಟ್ಟು ಇರಬೇಕು. ಎರಡು ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ನೋಡಿದರೆ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಹಲಗೆಯ ಅಂಚನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಇಡೀ ನೆಲವನ್ನು ಹಿಡಿದುಕೊಂಡಿರುವ ಆ ಕೊಕ್ಕೆ ಉಗುರಿನ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕೆಳಗೆ ಗುಂಡಿ ಇದ್ದರೆ ಪ್ರತಿ ಹೆಜ್ಜೆಗೂ ಹಲಗೆ ಬಾಗುತ್ತದೆ, ಒಂದು ದಿನ ಆ ಕೊಕ್ಕೆ ಮುರಿಯುತ್ತದೆ. ಹಳೆಯ ನೆಲ ತೀರಾ ಏರುಪೇರಾಗಿದ್ದು ಮೊದಲು ಲೆವೆಲಿಂಗ್ ಗಾರೆ ಸುರಿಸಬೇಕಾಗಿ ಬಂದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಆಗ ಟೈಲ್ಸ್ ಲೆಕ್ಕ ಮತ್ತೊಮ್ಮೆ ಹಾಕಿ.

ವಾಟರ್‌ಪ್ರೂಫ್ ಅನ್ನುವ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಹಲಗೆ ನೀರಿಗೆ ಕೆಡುವುದಿಲ್ಲ, ನಿಜ. ಆದರೆ ಬಕೆಟ್ ಚೆಲ್ಲಿದರೆ ಗೋಡೆ ಬದಿಯ ಸಂದಿನಿಂದ ನೀರು ಕೆಳಗೆ ಇಳಿಯುತ್ತದೆ, ಅಲ್ಲೇ ನಿಂತು ವಾಸನೆ ಬರುತ್ತದೆ. ದಿನಾ ನೀರು ಸುರಿದು ತೊಳೆಯುವ ಅಭ್ಯಾಸ ಇರುವ ಮನೆಗೆ ಇದು ಹೊಂದುವುದಿಲ್ಲ, ಹಿಂಡಿದ ಬಟ್ಟೆಯಲ್ಲಿ ಒರೆಸುವವರಿಗೆ ಹೊಂದುತ್ತದೆ. ದೊಡ್ಡ ಗಾಜಿನ ಬಾಗಿಲಿನಿಂದ ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗದಲ್ಲಿ ಹಲಗೆ ಹಿಗ್ಗಿ ಏಳಬಹುದು. ಗೋಡೆಗೆ ಜೋಡಿಸಿದ ಭಾರದ ಕಪಾಟಿನ ಕೆಳಗೆ ಹಾಕಿಸಬೇಡಿ. ಒಂದು ಕಡೆ ಒತ್ತಿ ಹಿಡಿದರೆ ಹಿಗ್ಗಲು ಆಗದೆ ಇನ್ನೊಂದು ಕಡೆ ಸಂದು ಬಿಡುತ್ತದೆ. ಕೊಳ್ಳುವಾಗ ಒಟ್ಟು ದಪ್ಪ ಕೇಳುವ ಬದಲು ಮೇಲಿನ ಸವೆತದ ಪದರ ಎಷ್ಟು ಅಂತ ಕೇಳಿ: ಮಲಗುವ ಕೋಣೆಗೆ 0.3 ಮಿ.ಮೀ ಸಾಕು, ಹಾಲ್‌ಗೆ, ನಾಯಿ ಇರುವ ಮನೆಗೆ 0.5 ಬೇಕು.

ಇದಕ್ಕಿಂತ ತೆಳುವಾದ 2 ಮಿ.ಮೀ ವಿನೈಲ್ ಹಾಳೆ ಇನ್ನೂ ಅಗ್ಗ. ಒಂದೆರಡು ವರ್ಷಕ್ಕೆ ಅಂತ ಆದರೆ ಸರಿ. ಕೆಳಗಿನ ಟೈಲ್ಸ್ ಸಂದುಗಳು ಕೆಲವು ತಿಂಗಳಲ್ಲಿ ಮೇಲೆ ಗೆರೆಯಾಗಿ ಮೂಡುತ್ತವೆ, ಅದನ್ನು ಒಪ್ಪಿಕೊಂಡೇ ಹಾಕಿಸಿ.

ಲ್ಯಾಮಿನೇಟ್, ಮರ

ಇವೆರಡನ್ನೂ ಬೇಗ ಮುಗಿಸುತ್ತೇನೆ. ಲ್ಯಾಮಿನೇಟ್ ಒಳಗಿರುವುದು ಮರದ ನಾರನ್ನು ಒತ್ತಿದ ಹಲಗೆ. ನೋಡಲು ಚೆಂದ, ಗೀರು ತಡೆಯುತ್ತದೆ, ಸವೆತ ತಡೆಯುವ ಶಕ್ತಿ ಹೇಳುವ ಎಸಿ ದರ್ಜೆಗಳಲ್ಲಿ ಎಸಿ3 ಅಥವಾ ಎಸಿ4 ಮನೆಗೆ ಸಾಕು. ಆದರೆ ಸಂದಿಗೆ ನೀರು ಇಳಿದು ಒಮ್ಮೆ ಉಬ್ಬಿದರೆ ಮತ್ತೆ ಕೂರುವುದಿಲ್ಲ. ಒಣ ಮಲಗುವ ಕೋಣೆ ಬಿಟ್ಟು ಬೇರೆಲ್ಲೂ ನಾನು ಹೇಳುವುದಿಲ್ಲ. ನಿಜವಾದ ಮರದ ಪದರ ಇರುವ ಎಂಜಿನಿಯರ್ಡ್ ಮರದ ನೆಲ ದುಬಾರಿ, ಮುತುವರ್ಜಿ ಬೇಡುತ್ತದೆ, ಮೇಲಿನ ಪದರ 3–4 ಮಿ.ಮೀ ಇದ್ದರೆ ಮುಂದೆ ಉಜ್ಜಿ ಹೊಸದು ಮಾಡಬಹುದು. ದುಡ್ಡೂ ಇದ್ದು ಮರದ ಮೇಲೆ ಆಸೆಯೂ ಇರುವವರಿಗೆ ನನ್ನ ತಕರಾರಿಲ್ಲ.

ಎಪಾಕ್ಸಿ, ಮೈಕ್ರೋಸಿಮೆಂಟ್

ಎಪಾಕ್ಸಿ ಅಂದರೆ ನೆಲಕ್ಕೆ ಸುರಿದು ಗಟ್ಟಿಯಾಗಲು ಬಿಡುವ ರಾಳ, ಮೈಕ್ರೋಸಿಮೆಂಟ್ ಅಂದರೆ ಪಾಲಿಮರ್ ಬೆರೆಸಿದ ತೆಳು ಸಿಮೆಂಟು ಲೇಪ. ಸಂದೇ ಇಲ್ಲದ ನೆಲ ಅನ್ನುವ ಕನಸು ಇವೆರಡರದ್ದು. ಎರಡೂ 2–3 ಮಿ.ಮೀ ಮಾತ್ರ, ಹಾಗಾಗಿ ಎತ್ತರಕ್ಕೆ ಜಾಗವೇ ಇಲ್ಲದ ಮನೆಗೆ ಯೋಚಿಸಬಹುದು. ಚಿತ್ರಗಳಲ್ಲಿ ತುಂಬಾ ಚೆನ್ನಾಗಿ ಕಾಣುತ್ತವೆ. ಚಿತ್ರದಲ್ಲಿ ಕಾಣದಿರುವುದು ಇಷ್ಟು: ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ, ಕೆಳಗಿನಿಂದ ತೇವ ಬಂದರೆ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ, ಕುರ್ಚಿ ಎಳೆದರೆ ಗೀರು ಬೀಳುತ್ತದೆ. ಮರುದಿನವೇ ನಡೆಯಬಹುದಾದರೂ ಪೂರ್ತಿ ಗಟ್ಟಿಯಾಗಲು ಒಂದು ವಾರ ಹಿಡಿಯುತ್ತದೆ. ಮೈಕ್ರೋಸಿಮೆಂಟ್ ಪದರ ಪದರವಾಗಿ ಕೈಯಿಂದ ಸವರುವ ಕೆಲಸ, ಕೆಳಗಿನ ನೆಲ ಬಿರುಕು ಬಿಟ್ಟರೆ ಇದೂ ಬಿಡುತ್ತದೆ. ಎರಡರಲ್ಲೂ ಕೆಲಸಗಾರನ ಕೈಗುಣವೇ ಎಲ್ಲ. ಅವರು ಎರಡು ಮೂರು ವರ್ಷದ ಹಿಂದೆ ಮಾಡಿದ ಒಂದು ನೆಲವನ್ನು ಕಣ್ಣಾರೆ ನೋಡಲು ಆಗದಿದ್ದರೆ ಬೇಡ. ಹೊಸದಾಗಿ ಮುಗಿಸಿದ್ದನ್ನು ನೋಡಿ ಏನೂ ತಿಳಿಯುವುದಿಲ್ಲ.

ಸ್ನಾನದ ಮನೆಯ ಲೆಕ್ಕ ಬೇರೆ

ಇಲ್ಲಿ ಮೊದಲ ಪ್ರಶ್ನೆ ಒಂದೇ: ಸೋರುತ್ತಿದೆಯಾ? ನೀರು ತಡೆಯುವ ಪದರ ಇರುವುದು ಹಳೆಯ ಟೈಲ್ಸ್ ಕೆಳಗೆ. ಅದು ಹರಿದಿದ್ದರೆ ಮೇಲೆ ಎಷ್ಟು ಚೆಂದದ ಟೈಲ್ ಅಂಟಿಸಿದರೂ, ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿದರೂ ಸ್ವಲ್ಪ ದಿನ ಮುಂದೂಡಬಹುದು ಅಷ್ಟೇ. ಕೆಳಗಿನ ಸೂರಿನಲ್ಲಿ ಕಲೆ ಇದ್ದರೆ ಒಡೆಯುವುದೇ ದಾರಿ. ಒಡೆದು, ಪದರ ಹೊಸದಾಗಿ ಬಳಿದು, ಕಿಂಡಿ ಮುಚ್ಚಿ ಒಂದು ದಿನ ಪೂರ್ತಿ ನೀರು ನಿಲ್ಲಿಸಿ, ಕೆಳಗೆ ಒದ್ದೆ ಬಂದಿಲ್ಲ ಅಂತ ಖಾತ್ರಿ ಆದ ಮೇಲೆ ಟೈಲ್ ಹಾಕಿಸಿ. ಸೋರಿಕೆ ಇಲ್ಲ, ಬರಿ ಹಳೆಯದು ಅಂದರೆ ಟೈಲ್ ಮೇಲೆ ಟೈಲ್ ಆಗುತ್ತದೆ, ಆದರೆ ಸ್ನಾನದ ಮನೆ ನೆಲ ಹೊರಗಿನ ನೆಲಕ್ಕಿಂತ ಕೆಳಗೇ ಉಳಿಯಬೇಕು, ಕಿಂಡಿಯ ಜಾಲರಿಯನ್ನು ಎತ್ತರಿಸಬೇಕು.

ಜಾರುವಿಕೆಗೆ ಆರ್9ರಿಂದ ಆರ್13ರವರೆಗೆ ಅಂಕ ಕೊಡುವ ಜರ್ಮನಿಯ ಪರೀಕ್ಷೆ ಇದೆ, ಅಂಕ ಹೆಚ್ಚಾದಷ್ಟು ಹಿಡಿತ ಹೆಚ್ಚು. ಹಾಲ್‌ಗೆ ಆರ್9 ನಡೆಯುತ್ತದೆ. ಸ್ನಾನದ ಮನೆಗೆ ಆರ್10ಕ್ಕಿಂತ ಕಡಿಮೆ ತೆಗೆದುಕೊಳ್ಳಬೇಡಿ, ಆರ್11 ಸಿಕ್ಕರೆ ಇನ್ನೂ ನೆಮ್ಮದಿ, ಉಜ್ಜುವುದು ಸ್ವಲ್ಪ ಕಷ್ಟವಾದರೂ ಸರಿ. ನೆಲಕ್ಕೆ ಚಿಕ್ಕ ಟೈಲ್ಸ್ ಆರಿಸಿಕೊಂಡರೆ ಸಂದುಗಳು ಹೆಚ್ಚಿ ಕಾಲಿಗೆ ಹಿಡಿತ ಸಿಗುತ್ತದೆ, ಕಿಂಡಿಯ ಕಡೆಗೆ ಇಳಿಜಾರು ಕೊಡುವುದೂ ಸಲೀಸು.

ಹಾಗಾದರೆ ನಿಮಗೆ ಯಾವುದು?

ಬಾಡಿಗೆ ಮನೆ, ಕೈಯಲ್ಲಿ ದುಡ್ಡು ಕಡಿಮೆ: ಗ್ರೌಟ್ ಹೊಸದು ಮಾಡಿಸಿ, ಕಣ್ಣಿಗೆ ಬೀಳುವ ಒಂದು ಕೋಣೆಗೆ ಎಸ್‌ಪಿಸಿ ಹಾಕಿಸಿ. ಸ್ವಂತ ಮನೆ, ಕಲ್ಲಿನ ನೆಲ: ಪಾಲಿಶ್, ಎರಡನೇ ಯೋಚನೆಯೇ ಬೇಡ. ಸ್ವಂತ ಮನೆ, ಟೈಲ್ಸ್ ಗಟ್ಟಿ ಇವೆ, ಮನೆ ಬಿಟ್ಟು ಹೋಗಲು ಆಗುವುದಿಲ್ಲ, ಒಳಗೆ ಮೆಟ್ಟಿಲಿಲ್ಲ: ಟೈಲ್ ಮೇಲೆ ಟೈಲ್, ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಅಂಟು. ನೆಲಮಹಡಿ, ಬಿಳಿ ಪುಡಿ ಏಳುತ್ತಿದೆ: ಎಸ್‌ಪಿಸಿ, ಎಪಾಕ್ಸಿ, ಲ್ಯಾಮಿನೇಟ್ ಮೂರನ್ನೂ ಮರೆತುಬಿಡಿ. ತೇವ ಎಲ್ಲಿಂದ ಅಂತ ಮೊದಲು ಹುಡುಕಿ. ಎಷ್ಟೋ ಸಲ ಅದು ಗೋಡೆಯಾಚೆ ನಿಲ್ಲುವ ಮಳೆನೀರು, ಇಲ್ಲವೇ ಸಣ್ಣಗೆ ಸೋರುವ ಪೈಪು, ಅದನ್ನು ಸರಿಪಡಿಸಿದರೆ ನೆಲಕ್ಕೆ ಕೈ ಹಾಕುವ ಅಗತ್ಯವೇ ಬರದಿರಬಹುದು.

ಬಜೆಟ್ ಸಾಲದಿದ್ದರೆ ಇಡೀ ಮನೆಗೆ ಕಡಿಮೆ ದರ್ಜೆಯದು ಹಾಕಿಸುವ ಬದಲು ಕೋಣೆ ಕೋಣೆಯಾಗಿ ಮಾಡಿಸಿ. ಮೊದಲು ಸ್ನಾನದ ಮನೆ, ಆಮೇಲೆ ಅಡುಗೆಮನೆ, ಆಮೇಲೆ ಹಾಲ್. ಮಲಗುವ ಕೋಣೆ ಕಾಯಬಲ್ಲದು, ಅಲ್ಲಿ ನೆಲದ ಅರ್ಧ ಮಂಚದ ಕೆಳಗೇ ಇರುತ್ತದೆ. ಹೀಗೆ ಬಿಡಿಬಿಡಿಯಾಗಿ ಮಾಡಿಸುವಾಗ ಎತ್ತರ ಮಾತ್ರ ಮೊದಲೇ ನಿಗದಿ ಮಾಡಿ ಗೋಡೆಯ ಮೇಲೆ ಗೆರೆ ಎಳೆದಿಟ್ಟುಕೊಳ್ಳಿ. ಇಲ್ಲವಾದರೆ ಪ್ರತಿ ಬಾಗಿಲಲ್ಲೂ ಒಂದೊಂದು ಎಡವುಗಲ್ಲು.

ಕೊಟೇಶನ್ ಕೈಗೆ ಬಂದಾಗ ಚದರ ಅಡಿಯ ದರ ಒಂದನ್ನೇ ನೋಡಿ ಹೋಲಿಸಬೇಡಿ. ಒಡೆಯುವುದು, ಕಸ ಸಾಗಣೆ, ಲೆವೆಲಿಂಗ್, ಪ್ರೈಮರ್, ಅಂಟು, ಗ್ರೌಟ್, ಸ್ಕರ್ಟಿಂಗ್, ಬಾಗಿಲು ಕತ್ತರಿಸುವುದು, ಕೆಲಸ ಮುಗಿದ ಮೇಲೆ ಸ್ವಚ್ಛ ಮಾಡುವುದು, ಇದರಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಅಂತ ಬರೆಸಿಕೊಳ್ಳಿ. ಕಡಿಮೆ ದರ ಹೇಳಿದವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಐದು ಐಟಂ ಕಾಣೆಯಾಗಿರುತ್ತವೆ. ಆಮೇಲೆ ಅವು ಒಂದೊಂದಾಗಿ ಬಿಲ್ಲಿಗೆ ಬರುತ್ತವೆ.

ಟೈಲ್ಸ್ ಕೊಳ್ಳುವಾಗ ಅಳತೆಗಿಂತ ನೂರಕ್ಕೆ ಹತ್ತು ಜಾಸ್ತಿ ತೆಗೆದುಕೊಳ್ಳಿ, ಓರೆಯಾಗಿ ಜೋಡಿಸುವುದಾದರೆ ಹದಿನೈದು. ಎಲ್ಲ ಪೆಟ್ಟಿಗೆಗಳ ಬ್ಯಾಚ್ ನಂಬರು ಒಂದೇ ಇದೆಯಾ ಅಂತ ಗಾಡಿ ಇಳಿಸುವಾಗಲೇ ನೋಡಿ. ಅದೇ ಹೆಸರು, ಅದೇ ಡಿಸೈನ್ ಇದ್ದರೂ ಬ್ಯಾಚ್ ಬೇರೆಯಾದರೆ ಬಣ್ಣ ಒಂದು ನೂಲು ಹೆಚ್ಚುಕಡಿಮೆ ಬಂದು ನೆಲದ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಕೆಲಸ ಮುಗಿದು ಉಳಿದ ಒಂದು ಪೆಟ್ಟಿಗೆಯನ್ನು ವಾಪಸ್ ಕೊಡಬೇಡಿ. ಐದು ವರ್ಷದ ನಂತರ ಒಂದು ಟೈಲ್ ಒಡೆದಾಗ ಆ ಡಿಸೈನ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.